ಕೇಳಿದ್ದು ಸರಿ, ಮರಳಿ ಹೇಳಿದಿರಾ? ಓ.ಡಿ. ನಡೆದು ಬಂದ ದಾರಿ

ಪುಣೆ ಬಳಿಯ ಹಿಂಜವಡಿಯ ಐಟಿ ಕಂಪನಿಯಾಗಲಿ, ಚಾಕಣದ ಬಿಡಿಭಾಗಗಳ ಕಾರ್ಖಾನೆಯಾಗಲಿ, ಮುಂಬೈಯ ಬಾಂದ್ರಾ-ಕುರ್ಲಾ ಸಂಕೀರ್ಣದ ಬ್ಯಾಂಕ್ ಕಚೇರಿಯಾಗಲಿ, ವರ್ಷಕ್ಕೊಮ್ಮೆ ಎಲ್ಲರಿಗೂ ನೌಕರರ ಅಭಿಪ್ರಾಯ ಸಮೀಕ್ಷೆಯ ಒಂದು ಲಿಂಕ್ ಬರುತ್ತದೆ. ಮೂವತ್ತು ನಲವತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಐದರಲ್ಲಿ ಅಂಕ. ಎಲ್ಲರೂ ತುಂಬಲೇಬೇಕೆಂದು ಎಚ್‌ಆರ್‌ನವರು ಮ್ಯಾನೇಜರುಗಳ ಬೆನ್ನು ಹತ್ತುತ್ತಾರೆ, ಮ್ಯಾನೇಜರುಗಳು ತಮ್ಮ ಕೈಕೆಳಗಿನವರ ಬೆನ್ನು ಹತ್ತುತ್ತಾರೆ. ಎರಡು ಮೂರು ತಿಂಗಳು ಕಳೆದ ಮೇಲೆ ಟೌನ್‌ಹಾಲ್‌ನಲ್ಲಿ, ಅಂದರೆ ಎಲ್ಲ ನೌಕರರ ಸಭೆಯಲ್ಲಿ, ಒಂದು ಸ್ಲೈಡ್: ಕಳೆದ ಬಾರಿಗಿಂತ ಮೂರು ಅಂಕ ಮೇಲೆ. ಚಪ್ಪಾಳೆ. ಆಮೇಲೆ ಬರುವುದು ಮುಂದಿನ ವರ್ಷದ ಲಿಂಕ್.

ಈ ಸಮೀಕ್ಷೆಯ ಬೇರು ಹುಡುಕಿಕೊಂಡು ಹೋದರೆ ಸಿಗುವುದು ಆರ್ಗನೈಜೇಷನ್ ಡೆವಲಪ್‌ಮೆಂಟ್ ಎಂಬ ಕ್ಷೇತ್ರ, ಅಂದರೆ ಸಂಸ್ಥಾ ಅಭಿವೃದ್ಧಿ. ಮುಂಬೈ-ಪುಣೆಯ ಆಫೀಸುಗಳಲ್ಲಿ ಅದು ಬರೀ ಓ.ಡಿ. 1940ರ ದಶಕದಲ್ಲಿ ಅದು ಮೊಳೆತಾಗ ಜನರನ್ನು ಕೇಳುವುದು ಅದರ ಅರ್ಧ ಕೆಲಸ ಮಾತ್ರವಾಗಿತ್ತು. ಹೇಳಿದ್ದನ್ನು ಹೇಳಿದವರ ಮುಂದೆಯೇ ಮರಳಿ ಇಟ್ಟು, ಅವರ ಮೇಲಧಿಕಾರಿಯನ್ನೂ ಜೊತೆಗೆ ಕೂರಿಸಿ, ಏನು ಬದಲಾಗಬೇಕೆಂದು ಅಲ್ಲೇ ತೀರ್ಮಾನಿಸುವುದು ಉಳಿದರ್ಧ. ಎಂಟು ದಶಕಗಳಲ್ಲಿ ಮೊದಲರ್ಧ ಎಲ್ಲ ಕಡೆ ಹಬ್ಬಿತು, ಅಗ್ಗವಾಯಿತು, ಸಾಫ್ಟ್‌ವೇರ್ ಆಯಿತು. ಎರಡನೆಯ ಅರ್ಧ ದಾರಿಯಲ್ಲಿ ಎಲ್ಲಿ ಉದುರಿತು, ಯಾಕೆ ಉದುರಿತು ಎಂದು ನೋಡಿದರೆ ಇವತ್ತಿನ ಲಿಂಕು ಯಾಕೆ ಹೀಗಾಯಿತೆಂಬುದು ಅರ್ಥವಾಗುತ್ತದೆ.

ಪೈಜಾಮ ಕಾರ್ಖಾನೆಯಲ್ಲಿ ನಡೆದದ್ದು

ಈ ಕ್ಷೇತ್ರಕ್ಕೆ ಒಬ್ಬನೇ ಜನಕನನ್ನು ಹೆಸರಿಸಬೇಕೆಂದರೆ ಕರ್ಟ್ ಲೆವಿನ್. ಬರ್ಲಿನ್‌ನಲ್ಲಿದ್ದ ಯಹೂದಿ ಮನಶ್ಶಾಸ್ತ್ರಜ್ಞ, ಹಿಟ್ಲರ್ ಅಧಿಕಾರ ಹಿಡಿದ 1933ರಲ್ಲೇ ಅಮೆರಿಕ ಸೇರಿದವನು. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ಒಳ್ಳೆಯ ಮಾಂಸಕ್ಕೆ ತತ್ವಾರ. ಗೃಹಿಣಿಯರು ಸಾಮಾನ್ಯವಾಗಿ ಮುಟ್ಟದ ಹೃದಯ, ಮೂತ್ರಪಿಂಡದಂಥ ಭಾಗಗಳನ್ನು ಮನೆಯಲ್ಲಿ ಬೇಯಿಸುವಂತೆ ಮಾಡಬೇಕಿತ್ತು. ಲೆವಿನ್ ಆರು ಗುಂಪು ಮಾಡಿಸಿದ. ಮೂರಕ್ಕೆ ತಜ್ಞರ ಉಪನ್ಯಾಸ. ಉಳಿದ ಮೂರರಲ್ಲಿ ಅಷ್ಟೇ ಹೊತ್ತು, ಸುಮಾರು ಮುಕ್ಕಾಲು ಗಂಟೆ, ಹೆಂಗಸರೇ ಕೂತು ಅಡ್ಡಿಗಳನ್ನು ಮಾತಾಡಿಕೊಂಡು ಕೊನೆಗೆ ಕೈ ಎತ್ತಿ ನಿರ್ಧಾರ ಹೇಳುವುದು. ಆಮೇಲೆ ವಿಚಾರಿಸಿದಾಗ ಉಪನ್ಯಾಸ ಕೇಳಿದವರಲ್ಲಿ ಶೇ. 3 ಮಂದಿ, ಗುಂಪಿನಲ್ಲಿ ನಿರ್ಧರಿಸಿದವರಲ್ಲಿ ಶೇ. 32 ಮಂದಿ ಅದನ್ನು ಬೇಯಿಸಿ ಬಡಿಸಿದ್ದರು.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಸಿಕ್ಕಿದ್ದು ವರ್ಜೀನಿಯಾ ರಾಜ್ಯದ ಮೇರಿಯನ್ ಊರಿನ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆಯಲ್ಲಿ. ಅಲ್ಲಿ ಕೆಲಸದ ವಿಧಾನ ಸ್ವಲ್ಪ ಬದಲಾದರೂ ಸಾಕು, ಉತ್ಪಾದನೆ ಕುಸಿದು ತಿಂಗಳುಗಟ್ಟಲೆ ಮೇಲೇಳುತ್ತಿರಲಿಲ್ಲ. ಕೆಲಸ ಬಿಟ್ಟು ಹೋಗುವವರೂ ಜಾಸ್ತಿ. ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ಕು ಗುಂಪುಗಳಿದ್ದವು. ಬದಲಾವಣೆ ತೀರಾ ಚಿಕ್ಕದು. ಇಸ್ತ್ರಿ ಮಾಡುವವರು ಅರ್ಧ ಡಜನ್ ಬಟ್ಟೆಯನ್ನು ರಟ್ಟಿನ ಮೇಲೆ ಪೇರಿಸುತ್ತಿದ್ದರು, ಇನ್ನು ಪೆಟ್ಟಿಗೆಯಲ್ಲಿ ಪೇರಿಸಬೇಕು, ಇಷ್ಟೇ. ಮೊದಲನೆಯದಾದ ಈ ಗುಂಪಿಗೆ ಎಂದಿನಂತೆ ಸಭೆ ಕರೆದು ಹೊಸ ಪದ್ಧತಿ, ಹೊಸ ದರ ತಿಳಿಸಿದರು. ಎರಡನೇ ಗುಂಪು ತನ್ನ ಪ್ರತಿನಿಧಿಗಳನ್ನು ಆರಿಸಿ ಕಳಿಸಿತು, ಅವರು ಹೊಸ ವಿಧಾನ ರೂಪಿಸುವಾಗ ಜೊತೆಗಿದ್ದರು. ಉಳಿದ ಎರಡು ಚಿಕ್ಕ ಗುಂಪುಗಳಲ್ಲಿ ಎಲ್ಲರೂ ಸೇರಿಯೇ ವಿಧಾನ ರೂಪಿಸಿದರು.

ಬದಲಾವಣೆಗೆ ಮುಂಚೆ ಎಲ್ಲರದೂ ಗಂಟೆಗೆ ಸುಮಾರು 60 ಘಟಕ. ಬರೀ ತಿಳಿಸಿದ ಗುಂಪು ಅದರ ಕೆಳಗೇ ಉಳಿಯಿತು, ಮೊದಲ 40 ದಿನಗಳಲ್ಲಿ ಶೇ. 17 ಮಂದಿ ಕೆಲಸ ಬಿಟ್ಟರು. ಪ್ರತಿನಿಧಿಗಳ ಗುಂಪು ಎರಡು ವಾರದಲ್ಲಿ ಹಳೆಯ ಮಟ್ಟಕ್ಕೆ ಬಂತು. ಎಲ್ಲರೂ ಸೇರಿ ತೀರ್ಮಾನಿಸಿದ ಗುಂಪುಗಳು ಬೇಗ ಚೇತರಿಸಿಕೊಂಡು ಹಳೆಯ ಮಟ್ಟಕ್ಕಿಂತ ಶೇ. 14ರಷ್ಟು ಮೇಲೆ ಹೋದವು, ಕೆಲಸ ಬಿಟ್ಟವರು ಒಬ್ಬರೂ ಇಲ್ಲ. ಸಾಮಾನ್ಯವಾಗಿ ಪಠ್ಯಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಈ ಪ್ರಯೋಗದ ಜೀವ ಇರುವುದು ಮುಂದಿನ ಹಂತದಲ್ಲಿ. ಸುಮಾರು ಎರಡೂವರೆ ತಿಂಗಳ ಬಳಿಕ, ಮೊದಲ ಗುಂಪಿನಲ್ಲಿ ಉಳಿದಿದ್ದ 13 ಮಂದಿಯನ್ನು ಮತ್ತೆ ಒಟ್ಟುಗೂಡಿಸಿ, ಈ ಸಲ ಎಲ್ಲರೂ ಪಾಲ್ಗೊಳ್ಳುವ ರೀತಿಯಲ್ಲಿ ಬೇರೆ ಕೆಲಸಕ್ಕೆ ಹಾಕಿದರು. ಅವರೂ ಬೇಗನೆ ಮೇಲೆದ್ದರು. ಜನ ಅವರೇ, ಬದಲಾದದ್ದು ಬದಲಾವಣೆ ತಂದ ರೀತಿ ಮಾತ್ರ. 'ನಮ್ಮ ಜನ ಬದಲಾವಣೆಗೆ ಒಗ್ಗುವುದಿಲ್ಲ' ಎಂದು ಇಂದಿಗೂ ಮೀಟಿಂಗುಗಳಲ್ಲಿ ಕೈಚೆಲ್ಲುವವರಿಗೆ ಇದಕ್ಕಿಂತ ನೇರ ಉತ್ತರ ಇಲ್ಲ.

1946ರ ಬೇಸಿಗೆಯಲ್ಲಿ ಕನೆಕ್ಟಿಕಟ್‌ನ ನ್ಯೂ ಬ್ರಿಟನ್‌ನಲ್ಲಿ ಜನಾಂಗೀಯ ತಾರತಮ್ಯ ತಗ್ಗಿಸುವ ಕಾರ್ಯಕರ್ತರಿಗಾಗಿ ಲೆವಿನ್ ತಂಡ ಶಿಬಿರ ನಡೆಸಿತು. ಸಂಜೆ ಸಂಶೋಧಕರು ಕೂತು ಹಗಲಿನ ಗುಂಪುಚರ್ಚೆಯ ಟಿಪ್ಪಣಿಗಳನ್ನು ಹೋಲಿಸುತ್ತಿದ್ದರು. ಶಿಬಿರಾರ್ಥಿಗಳಲ್ಲಿ ಕೆಲವರು ತಾವೂ ಕೂರಬಹುದೇ ಎಂದು ಕೇಳಿದರು, ಲೆವಿನ್ ಒಪ್ಪಿದ. ತನ್ನ ಬಗ್ಗೆ ಓದಿದ ಟಿಪ್ಪಣಿ ಕೇಳಿ ಒಬ್ಬಾಕೆ, ಹಾಗಲ್ಲ ನಡೆದದ್ದು ಎಂದು ಎದ್ದಳು. ವಾದ ಶುರುವಾಯಿತು, ಮರುಸಂಜೆ ಇನ್ನಷ್ಟು ಜನ ಬಂದರು. ತಮ್ಮ ನಡವಳಿಕೆಯ ವಿವರವನ್ನು ತಾವೇ ಕೇಳಿಸಿಕೊಳ್ಳುವುದು ಯಾವ ಉಪನ್ಯಾಸಕ್ಕಿಂತ ಹೆಚ್ಚು ಕಲಿಸುತ್ತದೆ ಎಂಬುದು ಅಲ್ಲಿ ಹೊಳೆದದ್ದು. ಫೆಬ್ರವರಿ 1947ರಲ್ಲಿ ಲೆವಿನ್ ತೀರಿಕೊಂಡ. ಆ ವರ್ಷದ ಬೇಸಿಗೆಯಲ್ಲೇ ಮೇನ್ ರಾಜ್ಯದ ಬೆತೆಲ್‌ನಲ್ಲಿ ಅವನ ಸಂಗಡಿಗರು ನ್ಯಾಷನಲ್ ಟ್ರೈನಿಂಗ್ ಲ್ಯಾಬೊರೇಟರಿ ಶುರುಮಾಡಿದರು. ಗುಂಪಾಗಿ ಕೂತು ತಮ್ಮದೇ ನಡವಳಿಕೆಯ ಬಗ್ಗೆ ಮಾತಾಡಿಕೊಂಡು ಕಲಿಯುವ ಟಿ-ಗ್ರೂಪ್ ಎಂಬ ತರಬೇತಿ ಹರಡಿದ್ದು ಅಲ್ಲಿಂದ.

ಎಲ್ಲ ಎಂಬಿಎ ಸ್ಲೈಡುಗಳಲ್ಲಿ ಲೆವಿನ್ ಹೆಸರಿನಲ್ಲಿ ಕಾಣುವ 'ಕರಗಿಸು, ಬದಲಿಸು, ಮತ್ತೆ ಗಟ್ಟಿಮಾಡು' ಎಂಬ ಮೂರು ಮೆಟ್ಟಿಲು ಅವನ 1947ರ ಲೇಖನದಲ್ಲಿ ಬರುವುದು ಕೆಲವೇ ಸಾಲುಗಳಲ್ಲಿ. ಅದನ್ನು ಮಾದರಿಯಾಗಿ ಕೆತ್ತಿ ನಿಲ್ಲಿಸಿದವರು ಆಮೇಲಿನವರು. ಅವನ ನಿಜವಾದ ಕೊಡುಗೆ, ಬದಲಾವಣೆಯ ಘಟಕ ಒಬ್ಬ ವ್ಯಕ್ತಿಯಲ್ಲ, ಒಟ್ಟಿಗೆ ಕೆಲಸ ಮಾಡುವ ಗುಂಪು ಎಂಬ ಗ್ರಹಿಕೆ.

ಸರಪಳಿ ಸಭೆಗಳು

ಸಮೀಕ್ಷೆಯ ಕಥೆ ಮಿಶಿಗನ್ ವಿಶ್ವವಿದ್ಯಾಲಯದ್ದು. ರೆನ್ಸಿಸ್ ಲೈಕರ್ಟ್ ಅಲ್ಲಿ 1946ರಲ್ಲಿ ಸಮೀಕ್ಷಾ ಕೇಂದ್ರ ಕಟ್ಟಿದ. ನಾವು ಗುಂಡಿ ಒತ್ತುವ ಐದು ಅಂಕಗಳ ಮಾಪಕಕ್ಕೆ ಇವನದೇ ಹೆಸರು. 1948ರಲ್ಲಿ ಡೆಟ್ರಾಯಿಟ್ ಎಡಿಸನ್ ಎಂಬ ವಿದ್ಯುತ್ ಕಂಪನಿಯಲ್ಲಿ ನೌಕರರ, ಅಧಿಕಾರಿಗಳ ಅಭಿಪ್ರಾಯ ಸಮೀಕ್ಷೆ ನಡೆಯಿತು. ಫಲಿತಾಂಶವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಫ್ಲಾಯ್ಡ್ ಮ್ಯಾನ್ ಕಂಡುಕೊಂಡ ಉತ್ತರ ಸರಳ. ಮೊದಲು ಮೇಲಿನ ತಂಡ ತನ್ನ ಅಂಕಿಗಳನ್ನು ನೋಡಿ ಚರ್ಚಿಸಬೇಕು. ಆ ತಂಡದ ಪ್ರತಿ ಸದಸ್ಯ ತನ್ನ ಕೆಳಗಿನ ತಂಡದೊಂದಿಗೆ ಕೂತು ಅವರ ಅಂಕಿಗಳನ್ನು ಚರ್ಚಿಸಬೇಕು. ಹೀಗೆ ಕೊನೆಯ ಸಾಲಿನವರೆಗೆ. ಪ್ರತಿಯೊಬ್ಬ ಅಧಿಕಾರಿ ಒಂದು ಸಭೆಯಲ್ಲಿ ಕೆಳಗಿನವನು, ಮುಂದಿನದರಲ್ಲಿ ಮೇಲಿನವನು. ಒಂದರೊಳಗೊಂದು ಕೊಂಡಿ ಹಾಕಿದ ಸಭೆಗಳ ಸರಪಳಿ.

ಲೆಕ್ಕಪತ್ರ ವಿಭಾಗಗಳಲ್ಲಿ ಮ್ಯಾನ್ ಇದನ್ನು ಒರೆಗೆ ಹಚ್ಚಿದ. ಕೆಲವು ವಿಭಾಗಗಳಲ್ಲಿ ಇಂಥ ಸಭೆಗಳು ನಡೆದವು, ಕೆಲವದರಲ್ಲಿ ನಡೆಯಲಿಲ್ಲ. ಮತ್ತೆ ಸಮೀಕ್ಷೆ ಮಾಡಿದಾಗ ಸಭೆ ನಡೆದ ವಿಭಾಗಗಳಲ್ಲಿ ಸುಧಾರಣೆ ಹೆಚ್ಚು ಕಂಡಿತು. ಅಂದರೆ ಸಮೀಕ್ಷೆಯಿಂದ ಸುಧಾರಣೆ ಆಗುವುದಿಲ್ಲ, ಸಮೀಕ್ಷೆಯ ನಂತರದ ಸಭೆಯಿಂದ ಆಗುತ್ತದೆ. ಇದು ಹೊಸ ಸಂಶೋಧನೆಯಲ್ಲ, 1950ರ ದಶಕದ ಮಾತು.

ಕಲ್ಲಿದ್ದಲಿನಿಂದ ಅಹಮದಾಬಾದಿಗೆ

ಇನ್ನೊಂದು ಬೇರು ಮಾನವ ಸಂಬಂಧಗಳನ್ನು ಅಧ್ಯಯನ ಮಾಡುವ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯದು. ಅಲ್ಲಿನ ಎರಿಕ್ ಟ್ರಿಸ್ಟ್ ಮತ್ತು 18 ವರ್ಷ ಗಣಿಯೊಳಗೆ ದುಡಿದಿದ್ದ ಕೆನ್ ಬ್ಯಾಂಫರ್ತ್ 1951ರಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಬಗ್ಗೆ ಬರೆದರು. ಮೊದಲು ಎರಡರಿಂದ ಎಂಟು ಮಂದಿಯ ತಂಡ ಕಲ್ಲಿದ್ದಲು ಕಡಿಯುವುದರಿಂದ ಸಾಗಿಸುವವರೆಗೆ ಎಲ್ಲವನ್ನೂ ತಾನೇ ಮಾಡುತ್ತಿತ್ತು. ಯಂತ್ರ ಬಂದ ಮೇಲೆ ಸುಮಾರು 40 ಮಂದಿಯನ್ನು ಮೂರು ಪಾಳಿಗೆ ಹಂಚಿದರು: ಒಂದು ಪಾಳಿ ಕೊರೆಯುವುದು, ಇನ್ನೊಂದು ಕನ್ವೇಯರ್ ಸರಿಸುವುದು, ಮತ್ತೊಂದು ತುಂಬುವುದು. ಒಂದು ಪಾಳಿ ಬಿಟ್ಟುಹೋದ ಕೊರತೆ ಮುಂದಿನ ಪಾಳಿಯ ತಲೆಗೆ. ಯಂತ್ರ ಒಳ್ಳೆಯದೇ, ಉತ್ಪಾದನೆ ಮಾತ್ರ ಏರಲಿಲ್ಲ, ಗೈರುಹಾಜರಿ ಏರಿತು. ಯಂತ್ರದ ವ್ಯವಸ್ಥೆಯನ್ನೂ ಜನರ ವ್ಯವಸ್ಥೆಯನ್ನೂ ಒಟ್ಟಿಗೇ ರೂಪಿಸಬೇಕೆಂಬ ಸಾಮಾಜಿಕ-ತಾಂತ್ರಿಕ ದೃಷ್ಟಿ ಹುಟ್ಟಿದ್ದು ಇಲ್ಲಿ.

ಅದರ ಪ್ರಸಿದ್ಧ ಪರೀಕ್ಷೆ ನಡೆದದ್ದು ನಮ್ಮ ದೇಶದಲ್ಲಿ, ಸಾರಾಭಾಯಿ ಕುಟುಂಬದ ಅಹಮದಾಬಾದ್ ಕ್ಯಾಲಿಕೊ ಮಿಲ್ಲಿನಲ್ಲಿ. ಟ್ಯಾವಿಸ್ಟಾಕ್‌ನ ಎ.ಕೆ. ರೈಸ್ 1953ರಲ್ಲಿ ಬಂದಾಗ ಅಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳಿದ್ದವು, ಆದರೆ ನಿರೀಕ್ಷಿಸಿದ ಇಳುವರಿ ಇರಲಿಲ್ಲ. ಕೆಲಸವನ್ನು 12 ಬಗೆಯಾಗಿ ಹೋಳು ಮಾಡಿದ್ದರು. ನೇಕಾರನ ಪಾಲಿನ ಮಗ್ಗಗಳೇ ಬೇರೆ, ಬಾಬಿನ್ ತುಂಬುವವನ ಪಾಲಿನವೇ ಬೇರೆ, ಮೇಸ್ತ್ರಿಯಾದ ಜಾಬರ್‌ನ ಪಾಲಿನವು ಇನ್ನೂ ಬೇರೆ. ನೂಲು ಹರಿದರೆ ಯಾರ ಹೊಣೆಯೂ ಅಲ್ಲ. ಒಂದಿಷ್ಟು ಮಗ್ಗಗಳಿಗೆ ಒಂದು ಪೂರ್ಣ ತಂಡ ಎಂಬ ಸಲಹೆ ಮುಂದಿಟ್ಟಾಗ ಕಾರ್ಮಿಕರೇ ತಮಗೆ ಬೇಕಾದವರನ್ನು ಸೇರಿಸಿಕೊಂಡು ಏಳೇಳು ಮಂದಿಯ ಗುಂಪು ಕಟ್ಟಿಕೊಂಡರು. ಉತ್ಪಾದನೆ ಏರಿತು, ಕೆಟ್ಟ ಬಟ್ಟೆಯ ಪ್ರಮಾಣ ಇಳಿಯಿತು.

ಟ್ಯಾವಿಸ್ಟಾಕ್‌ನವನೇ ಆದ ಎರಿಕ್ ಮಿಲ್ಲರ್ 1970ರಲ್ಲಿ ಅಲ್ಲಿಗೆ ಮರಳಿ ಹೋಗಿ ನೋಡಿದಾಗ ಒಂದು ಕಡೆ ಗುಂಪು ಪದ್ಧತಿ ಹಾಗೇ ಉಳಿದಿತ್ತು, ಉಳಿದೆಡೆ ಬಹುಮಟ್ಟಿಗೆ ಹಳೆಯ ದಾರಿಗೇ ಹೊರಳಿತ್ತು. ಗುಂಪಿನ ಗಡಿ ಕಾಯುವವರಿಲ್ಲದೆ ಹೋದರೆ, ಅಂದರೆ ಅವಸರದ ಆರ್ಡರ್ ಬಂದಾಗ ಒಬ್ಬನನ್ನು ಅಲ್ಲಿಂದ ಎತ್ತಿ ಇಲ್ಲಿಗೆ ಹಾಕುವುದು ಶುರುವಾದರೆ, ಗುಂಪು ಹೆಸರಿಗಷ್ಟೇ ಉಳಿಯುತ್ತದೆ. ಚಾಕಣದ ಲೈನಿನಲ್ಲಿ ತಿಂಗಳ ಕೊನೆಯ ವಾರ ನಡೆಯುವುದೂ ಇದೇ.

ಜವಳಿ ಗಿರಣಿಗಳ ಪ್ರದೇಶವಾದ ಮುಂಬೈಯ ಗಿರಣಗಾಂವ್‌ಗೆ ಇಂಥ ಪ್ರಯೋಗದ ಗಾಳಿ ಬೀಸಲಿಲ್ಲ. ಕರಾವಳಿಯಿಂದ ಹೋದ ನಮ್ಮವರೂ ದುಡಿದ ಆ ಗಿರಣಿಗಳಲ್ಲಿ 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಅದಕ್ಕೆ ಕಾರಣ ಹಲವು: ಬೋನಸ್ಸು, ಸಂಬಳ, ಗೈರುಹಾಜರಾದವರ ಬದಲಿಗೆ ದುಡಿಯುವ ಬದ್ಲಿ ಕಾರ್ಮಿಕರ ಪಾಡು. ಓ.ಡಿ. ಕಣ್ಣಿನಿಂದ ನೋಡಿದರೆ ಎದ್ದು ಕಾಣುವುದು ಒಂದು. 1946ರ ಬಾಂಬೆ ಕೈಗಾರಿಕಾ ಸಂಬಂಧ ಕಾಯ್ದೆಯ ಪ್ರಕಾರ ಎಲ್ಲ ಗಿರಣಿಗಳ ಪರವಾಗಿ ಮಾತಾಡುವ ಹಕ್ಕು ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ ಮಾತ್ರ ಇತ್ತು, ಕಾರ್ಮಿಕರು ಇದ್ದದ್ದು ಸಾಮಂತರ ಹಿಂದೆ. ಪ್ರತಿನಿಧಿ ಕಾಗದದ ಮೇಲೆ ಇದ್ದ, ಜನರ ನಡುವೆ ಇರಲಿಲ್ಲ. ಹಾರ್ವುಡ್‌ನ ಎರಡನೇ ಗುಂಪು ಚೇತರಿಸಿಕೊಂಡದ್ದು ಪ್ರತಿನಿಧಿಗಳನ್ನು ತಾನೇ ಆರಿಸಿದ್ದರಿಂದ ಎಂಬುದನ್ನು ನೆನೆಯಬೇಕು.

ಹೆಸರು ಬಂತು, ಅರ್ಧ ಹೋಯಿತು

ಓ.ಡಿ. ಎಂಬ ಹೆಸರು ಚಾಲ್ತಿಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಅಮೆರಿಕದ ಆಹಾರ ಕಂಪನಿ ಜನರಲ್ ಮಿಲ್ಸ್‌ನಲ್ಲಿ ಡಗ್ಲಾಸ್ ಮೆಕ್‌ಗ್ರೆಗರ್ ಮತ್ತು ರಿಚರ್ಡ್ ಬೆಕ್‌ಹಾರ್ಡ್, ಎಸ್ಸೊ ತೈಲ ಸಂಸ್ಕರಣಾಗಾರಗಳಲ್ಲಿ ಹರ್ಬರ್ಟ್ ಶೆಪರ್ಡ್, ರಾಬರ್ಟ್ ಬ್ಲೇಕ್ ಮತ್ತು ಜೇನ್ ಮೂಟನ್, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. 1969ರಲ್ಲಿ ಬೆಕ್‌ಹಾರ್ಡ್ ಕೊಟ್ಟ ವ್ಯಾಖ್ಯೆಗೆ ಐದು ಕಾಲು: ಯೋಜಿತವಾಗಿರಬೇಕು, ಇಡೀ ಸಂಸ್ಥೆಗೆ ಅನ್ವಯಿಸಬೇಕು, ಮೇಲಿನಿಂದ ನಿರ್ವಹಣೆಯಾಗಬೇಕು, ಸಂಸ್ಥೆಯ ಸಾಮರ್ಥ್ಯ ಮತ್ತು ಆರೋಗ್ಯ ಹೆಚ್ಚಿಸಬೇಕು, ವರ್ತನಾ ವಿಜ್ಞಾನದ ಬಲದಿಂದ ನಡೆಯಬೇಕು. ಮೂರನೇ ಕಾಲು ನೋಡಿ. ಮೇಲಿನವರ ಬೆಂಬಲವಿಲ್ಲದೆ ಏನೂ ನಿಲ್ಲುವುದಿಲ್ಲ ಎಂಬ ಅನುಭವದಿಂದ ಬಂದ ಮಾತು ಅದು. ಅದನ್ನು ಓದಿಕೊಂಡದ್ದು ಮಾತ್ರ ಮೇಲಿನವರು ತೀರ್ಮಾನಿಸಬೇಕು, ಕೆಳಗಿನವರು ಒಪ್ಪಬೇಕು ಎಂದು. ಎರಡನೆಯ ಅರ್ಧ ಉದುರಲು ತೊಡಗಿದ್ದು ಇಲ್ಲೇ ಎಂಬುದು ನಮ್ಮ ಓದು.

ಟಿ-ಗ್ರೂಪ್ ತನ್ನದೇ ರೀತಿಯಲ್ಲಿ ಸೋತಿತು. ಅಪರಿಚಿತರ ನಡುವೆ ವಾರಗಟ್ಟಲೆ ಕೂತು ಮನಸ್ಸು ಬಿಚ್ಚಿದ ಅಧಿಕಾರಿ ಹಳೆಯ ಕುರ್ಚಿಗೆ, ಹಳೆಯ ಬಾಸ್‌ನ ಕೆಳಗೆ ಮರಳಿದ ಕೂಡಲೇ ಕಲಿತದ್ದು ಕರಗುತ್ತಿತ್ತು. ಸಂಶೋಧಕರಾದ ಕ್ಯಾಂಬೆಲ್ ಮತ್ತು ಡನೆಟ್ 1968ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಅಳೆದು ಸುರಿದು ಹೇಳಿದ್ದೂ ಅದನ್ನೇ: ವ್ಯಕ್ತಿಯಲ್ಲಿ ಬದಲಾವಣೆ ಕಾಣುತ್ತದೆ, ಕೆಲಸದಲ್ಲಿ ಕಾಣುವುದಕ್ಕೆ ಪುರಾವೆ ಕಡಿಮೆ. ಹಾಗಾಗಿ ಮುಂದೆ ಅಪರಿಚಿತರ ಬದಲು ನಿಜವಾದ ತಂಡಗಳನ್ನೇ ಕೂರಿಸುವ ಟೀಮ್ ಬಿಲ್ಡಿಂಗ್ ಬಂತು. ಲೋಣಾವಳೆಯ ರಿಸಾರ್ಟಿನಲ್ಲಿ ಹಗ್ಗ ಎಳೆಯುವ ಆಟಕ್ಕೂ ಈಗ ಅದೇ ಹೆಸರು.

ಭಾರತದಲ್ಲಿ ಓ.ಡಿ. ಬಂದದ್ದು ಬೆತೆಲ್‌ನಲ್ಲಿ ತರಬೇತಿ ಪಡೆದವರ ಮೂಲಕ, ಅಹಮದಾಬಾದ್ ಮತ್ತು ಕಲ್ಕತ್ತದ ಐಐಎಂಗಳ ಮೂಲಕ. 1974ರಲ್ಲಿ ಮುಂಬೈಯ ಲಾರ್ಸನ್ ಅಂಡ್ ಟೂಬ್ರೊ ತನ್ನ ಕಾರ್ಯಮೌಲ್ಯಮಾಪನ ಪದ್ಧತಿಯನ್ನು ಪರಿಶೀಲಿಸಲು ಐಐಎಂ ಅಹಮದಾಬಾದಿನ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರನ್ನು ಕರೆಯಿತು. ಮೌಲ್ಯಮಾಪನದ ಫಾರ್ಮು ಒಂದನ್ನೇ ತಿದ್ದಿದರೆ ಪ್ರಯೋಜನವಿಲ್ಲ, ಅದನ್ನು ಸಾಮರ್ಥ್ಯದ ಅಂದಾಜು, ಸಲಹೆ-ಸಂವಾದ, ವೃತ್ತಿ ಬೆಳವಣಿಗೆ, ತರಬೇತಿ ಮತ್ತು ಓ.ಡಿ. ಜೊತೆ ಹೆಣೆಯಬೇಕೆಂದು ಅವರು ಹೇಳಿದರು. 1975ರಲ್ಲಿ ಅಲ್ಲಿ ಎಚ್‌ಆರ್‌ಡಿ, ಅಂದರೆ ಮಾನವ ಸಂಪನ್ಮೂಲ ಅಭಿವೃದ್ಧಿ, ವಿಭಾಗವೇ ತೆರೆಯಿತು. ನಮ್ಮ ದೇಶದ ಎಚ್‌ಆರ್‌ಡಿ ವಿಭಾಗಗಳ ವಂಶಾವಳಿ ಅಲ್ಲಿಂದಲೇ ಶುರು. ಇದರಿಂದ ಒಳ್ಳೆಯದೂ ಆಯಿತು, ಒಂದು ಎಡವಟ್ಟೂ ಆಯಿತು. ಓ.ಡಿ. ಎಚ್‌ಆರ್‌ನ ಕಪಾಟಿನ ಒಂದು ಖಾನೆಯಾಯಿತು. ಉತ್ಪಾದನಾ ಮುಖ್ಯಸ್ಥ ಅದು ತನ್ನ ಕೆಲಸವಲ್ಲ ಎಂದುಕೊಂಡ.

1990ರ ದಶಕದಲ್ಲಿ ರೀ-ಇಂಜಿನಿಯರಿಂಗ್ ಬಂತು: ಕೆಲಸದ ನಕ್ಷೆಯನ್ನೇ ಹೊಸದಾಗಿ ಬರೆ, ಜನ ಹೊಂದಿಕೊಳ್ಳಲಿ. ಬದಲಾವಣೆಯ ಯತ್ನಗಳಲ್ಲಿ ಶೇ. 70 ವಿಫಲವಾಗುತ್ತವೆ ಎಂದು ಪ್ರತಿ ಸಲಹೆಗಾರನೂ ಹೇಳುವ ಅಂಕಿ ಆ ಕಾಲದ್ದು. ರೀ-ಇಂಜಿನಿಯರಿಂಗ್ ಪ್ರತಿಪಾದಕರಾದ ಹ್ಯಾಮರ್ ಮತ್ತು ಚಾಂಪಿ 1993ರಲ್ಲಿ ಅದರ ವೈಫಲ್ಯವನ್ನು ಶೇ. 50ರಿಂದ 70 ಎಂದು ಅಂದಾಜಿಸಿದ್ದರು, ಇದು ವೈಜ್ಞಾನಿಕ ಲೆಕ್ಕವಲ್ಲ ಎಂದು ಅವರೇ ಹೇಳಿದ್ದರು. ಸಂಶೋಧಕ ಮಾರ್ಕ್ ಹ್ಯೂಸ್ 2011ರಲ್ಲಿ ಮೂಲ ಜಾಲಾಡಿದಾಗ ಈ ಅಂಕಿಯ ಬೆನ್ನಿಗೆ ಪುರಾವೆ ಸಿಗಲಿಲ್ಲ. ಆದರೂ ಆ ಸ್ಲೈಡಿಗೆ ಸಾವಿಲ್ಲ.

ಇವತ್ತಿನ ಲಿಂಕು ಅಳೆಯುವುದು ಎಂಗೇಜ್‌ಮೆಂಟನ್ನು. ಸಂಶೋಧಕ ವಿಲಿಯಂ ಕಾನ್ 1990ರಲ್ಲಿ ಆ ಪದವನ್ನು ವ್ಯಕ್ತಿ ತನ್ನ ಕೆಲಸದಲ್ಲಿ ಎಷ್ಟು ತೊಡಗಿಕೊಳ್ಳುತ್ತಾನೆ ಎಂಬ ಅರ್ಥದಲ್ಲಿ ಬಳಸಿದ. ಬಳಿಕ ಸಮೀಕ್ಷಾ ಕಂಪನಿ ಗ್ಯಾಲಪ್‌ನ 12 ಪ್ರಶ್ನೆಗಳಂಥ ಸಿದ್ಧ ಪಟ್ಟಿಗಳು ಬಂದವು. ಇಲ್ಲಿ ಸದ್ದಿಲ್ಲದೆ ಎರಡು ಸ್ಥಾನಾಂತರ ಆಗಿಹೋದವು. ಲೆವಿನ್‌ಗೆ ಘಟಕ ಗುಂಪು, ಇಲ್ಲಿ ಒಬ್ಬ ವ್ಯಕ್ತಿ. ಮ್ಯಾನ್‌ನ ಕಾಲದಲ್ಲಿ ಮಾಹಿತಿಯ ಒಡೆಯ ಅದನ್ನು ಕೊಟ್ಟ ತಂಡ, ಇಲ್ಲಿ ಆಡಳಿತ ಮಂಡಳಿ. ಚೆನ್ನಾಗಿ ನಡೆಯುತ್ತಿರುವುದನ್ನು ಹುಡುಕಿ ಅಲ್ಲಿಂದ ಶುರುಮಾಡುವ ಅಪ್ರಿಸಿಯೇಟಿವ್ ಇನ್‌ಕ್ವೈರಿ, ಮಾತುಕತೆಯ ಮೂಲಕವೇ ಬದಲಾವಣೆ ತರುವ ಸಂವಾದಾತ್ಮಕ ಓ.ಡಿ. ಮುಂತಾದ ಹೊಸ ಧಾರೆಗಳು ಜನರನ್ನು ಮತ್ತೆ ಒಟ್ಟಿಗೆ ಕೂರಿಸಲು ಯತ್ನಿಸುತ್ತಿವೆ, ಆದರೆ ಬಜೆಟ್ಟು ಇರುವುದು ಡ್ಯಾಶ್‌ಬೋರ್ಡಿಗೆ.

ವಿಲೀನದ ಟೇಬಲ್ಲುಗಳು

ಈ ಕ್ಷೇತ್ರದ ಅಗತ್ಯ ನಮ್ಮವರಿಗೆ ತೀರಾ ಹತ್ತಿರದಿಂದ ಕಂಡದ್ದು ಬ್ಯಾಂಕ್ ವಿಲೀನದಲ್ಲಿ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್, ಮುಂಬೈಯ ದೇನಾ ಬ್ಯಾಂಕ್ ಜೊತೆಗೆ, ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಮತ್ತು ಆಂಧ್ರ ಬ್ಯಾಂಕ್ ಮುಂಬೈ ಮೂಲದ ಯೂನಿಯನ್ ಬ್ಯಾಂಕಿನೊಳಗೆ ಹೋದವು. ಲಾಕ್‌ಡೌನ್ ಶುರುವಾಗಿ ಆಗ ವಾರ ಕಳೆದಿತ್ತಷ್ಟೆ. ಯಾವ ಬ್ಯಾಂಕನ್ನು ಯಾವುದರೊಂದಿಗೆ ಸೇರಿಸಬೇಕೆಂಬುದಕ್ಕೆ ಸರ್ಕಾರ ಕೊಟ್ಟ ಕಾರಣಗಳಲ್ಲಿ ಒಂದು ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಒಂದೇ ಎಂಬುದು. ತಾಂತ್ರಿಕ ಅರ್ಧಕ್ಕೆ ಅದು ಒಳ್ಳೆಯ ಕಾರಣವೇ. ಆದರೆ ಸಾಲದ ಫೈಲು ಎಷ್ಟು ಮೇಜು ದಾಟಬೇಕು, ಮ್ಯಾನೇಜರ್‌ಗೆ ಎದುರಾಡಬಹುದೇ, ವರ್ಗಾವಣೆಯ ಲೆಕ್ಕ ಹೇಗೆ ಎಂಬಂಥ ಬರೆಯದ ನಿಯಮಗಳು ಸಾಫ್ಟ್‌ವೇರಿನಲ್ಲಿ ಇರುವುದಿಲ್ಲ.

ಇದಕ್ಕೆ ಬ್ಲೇಕ್, ಶೆಪರ್ಡ್, ಮೂಟನ್ 1960ರ ದಶಕದಲ್ಲೇ ರೂಪಿಸಿದ ವಿಧಾನ ಇದೆ, ಒಂದು ಪ್ರಾದೇಶಿಕ ಕಚೇರಿಯ ಮಟ್ಟಕ್ಕೆ ಒಂದು ದಿನ ಸಾಕು. ಎರಡು ಮೂಲದವರು ಬೇರೆ ಬೇರೆ ಕೋಣೆಯಲ್ಲಿ ಕೂತು ಮೂರು ಪಟ್ಟಿ ಬರೆಯಬೇಕು: ನಾವು ಎಂಥವರು, ಅವರು ಎಂಥವರು, ಅವರು ನಮ್ಮ ಬಗ್ಗೆ ಏನು ಬರೆಯುತ್ತಿರಬಹುದು. ಇದಕ್ಕೆ ಒಂದು ಗಂಟೆ. ಬಳಿಕ ಒಟ್ಟಿಗೆ ಕೂತು ಓದುವುದು. ಓದುವಾಗ ಅರ್ಥವಾಗದ್ದನ್ನು ಕೇಳಬಹುದು, ಸಮರ್ಥನೆ ಕೂಡದು. ಮತ್ತೆ ಬೇರೆಯಾಗಿ, ನಾವು ಹೀಗೆ ಕಾಣಲು ನಮ್ಮದೇ ಯಾವ ನಡೆ ಕಾರಣ ಎಂಬ ಚರ್ಚೆ. ಕೊನೆಗೆ ಒಟ್ಟಾಗಿ ಐದಾರು ವಿಷಯ ಆರಿಸಿ, ಎರಡೂ ಕಡೆಯ ಒಬ್ಬೊಬ್ಬರ ಹೆಸರಿಗೆ ಹಚ್ಚುವುದು. ಇದು ಕೆಡುವುದು ಒಂದೇ ಕಾರಣಕ್ಕೆ: ಹುದ್ದೆ, ಜ್ಯೇಷ್ಠತೆಯ ಪಟ್ಟಿ ಇತ್ಯರ್ಥವಾಗುವ ಮೊದಲೇ ನಡೆಸಿದರೆ. ತನ್ನ ಕುರ್ಚಿ ಉಳಿಯುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಇರುವವನು ಸತ್ಯ ಬರೆಯುವುದಿಲ್ಲ.

ಸಭೆಯನ್ನು ಕಟ್ಟುವುದು ಹೇಗೆ

ಸಮೀಕ್ಷೆಗೆ ಮರಳೋಣ. ಪ್ರಶ್ನೆ 30 ದಾಟಬಾರದು, ತುಂಬಲು ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ. ತಂಡವೆಂದರೆ ಒಬ್ಬ ಮೇಲ್ವಿಚಾರಕನ ಕೆಳಗೆ ನಿಜಕ್ಕೂ ಒಟ್ಟಿಗೆ ದುಡಿಯುವ ಆರರಿಂದ ಹನ್ನೆರಡು ಮಂದಿ. ಉತ್ತರಿಸಿದವರು ಐವರಿಗಿಂತ ಕಡಿಮೆ ಇದ್ದರೆ ಆ ತಂಡದ ಅಂಕಿಯನ್ನು ಬೇರೆಯಾಗಿ ತೋರಿಸಕೂಡದು, ಪಕ್ಕದ ತಂಡದೊಂದಿಗೆ ಸೇರಿಸಬೇಕು. ಬಿಡಿ ಟಿಪ್ಪಣಿಗಳನ್ನು ಇದ್ದಂತೇ ಹಂಚುವುದು ದೊಡ್ಡ ತಪ್ಪು. ಕೇವಲ ಮಾತಿನ ಶೈಲಿಯಿಂದ ಬರೆದವರು ಯಾರೆಂದು ಗೊತ್ತಾಗಿಬಿಡುತ್ತದೆ. ವಿಷಯವಾರು ಸಾರಾಂಶ ಮಾಡಿ ಕೊಡಬೇಕು.

ಕಾರ್ಖಾನೆಯ ನೆಲದಲ್ಲಿ ಮೇಲ್ ಇಲ್ಲದವರಿಗೆ ಕಾಗದ ಬೇಕು, ಅವರ ಭಾಷೆಯಲ್ಲಿ ಬೇಕು. ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನಲ್ಲಿ ಉತ್ತರ ಕರ್ನಾಟಕದಿಂದ ಬಂದವರಿಗೆ ಇಂಗ್ಲಿಷ್ ಪಟ್ಟಿ ಕೊಟ್ಟರೆ ಪಕ್ಕದಲ್ಲಿ ನಿಂತ ಸೂಪರ್‌ವೈಸರೇ ಓದಿ ಹೇಳುತ್ತಾನೆ, ಉತ್ತರವೂ ಅವನದೇ ಆಗುತ್ತದೆ. 'ನಿಮ್ಮ ಮ್ಯಾನೇಜರ್' ಎಂದು ಕೇಳಿದರೆ ಒಬ್ಬ ಲೈನ್ ಲೀಡರನ್ನು ನೆನೆಯುತ್ತಾನೆ, ಇನ್ನೊಬ್ಬ ಶಿಫ್ಟ್ ಇನ್‌ಚಾರ್ಜನ್ನು, ಗುತ್ತಿಗೆಯವನು ತನ್ನ ಮುಕಾದಮನನ್ನು, ಅಂದರೆ ಮೇಸ್ತ್ರಿಯನ್ನು. ಯಾರ ಬಗ್ಗೆ ಪ್ರಶ್ನೆ ಎಂದು ಹುದ್ದೆಯ ಹೆಸರು ಹಾಕಿಯೇ ಅಚ್ಚು ಹಾಕಿಸಬೇಕು.

ಸಮೀಕ್ಷೆ ಮುಗಿದು ಎರಡು ಮೂರು ವಾರದೊಳಗೆ ಸಭೆ ಆಗಬೇಕು. ಆರು ವಾರ ದಾಟಿದರೆ ಬೇಡ, ಅಷ್ಟರಲ್ಲಿ ತಂಡವೂ ಬದಲಾಗಿರುತ್ತದೆ, ಸಿಟ್ಟೂ ಬದಲಾಗಿರುತ್ತದೆ. ಸಭೆಗೆ ಎರಡು ದಿನ ಮುಂಚೆ ಅಧಿಕಾರಿಗೆ ಒಬ್ಬರೇ ಇರುವಾಗ ಅಂಕಿ ತೋರಿಸಬೇಕು. ಮೊದಲ ಸಿಟ್ಟು ಅಲ್ಲೇ ಇಳಿಯಲಿ. ಎರಡು ವಾರ ಮುಂಚೆ ಕೊಟ್ಟರೆ ಆತ 'ಇದನ್ನು ಬರೆದವರು ಯಾರು' ಎಂಬ ಶೋಧಕ್ಕೆ ಇಳಿಯುತ್ತಾನೆ.

ಸಭೆಗೆ ಒಂದೂವರೆಯಿಂದ ಎರಡು ಗಂಟೆ. ಅಂಕಿ ತೋರಿಸಲು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ಸ್ಲೈಡ್ ಮೂರೇ ಸಾಕು. ಸಾಹೇಬರು ಕೂತಲ್ಲಿ ನಮ್ಮ ಜನ ತುಟಿ ಬಿಚ್ಚುವುದಿಲ್ಲ ಎಂಬುದು ನಿಜ. ಆದ್ದರಿಂದ ಮೊದಲು ಎಲ್ಲರೂ ಚೀಟಿಯಲ್ಲಿ ಬರೆಯಲಿ, ಮಾತು ಅತ್ಯಂತ ಕಿರಿಯರಿಂದ ಶುರುವಾಗಲಿ, ಅಧಿಕಾರಿ ಕೊನೆಯಲ್ಲಿ ಮಾತಾಡಲಿ. ಬಂದ ವಿಷಯಗಳನ್ನು ಮೂರು ಪಾಲು ಮಾಡಬೇಕು: ನಾವೇ ಬದಲಿಸಬಹುದಾದದ್ದು, ಮೇಲೆ ಕೇಳಬೇಕಾದದ್ದು, ಬದಲಾಗದ್ದು. ಮೊದಲ ಪಾಲಿನಿಂದ ಎರಡನ್ನು ಮಾತ್ರ ಆರಿಸಿ ಹೆಸರು, ತಾರೀಖು ಹಾಕಬೇಕು. ಎರಡನೇ ಪಾಲಿಗೆ ಮೇಲಿನಿಂದ ಇಂಥ ದಿನದೊಳಗೆ ಉತ್ತರ ಬರುತ್ತದೆಂಬ ಮಾತು ಬೇಕು, ಉತ್ತರ 'ಆಗುವುದಿಲ್ಲ' ಎಂದಿದ್ದರೂ ಸರಿ. ಮೂರನೆಯದಕ್ಕೆ ಯಾಕೆ ಬದಲಾಗದು ಎಂಬ ಕಾರಣ ಬೇಕು. ಮೂಗಿಗೆ ತುಪ್ಪ ಸವರುವ ಬದಲು ಇಲ್ಲ ಎಂದು ನೇರವಾಗಿ ಹೇಳಿದರೆ ಜನ ಮುಂದಿನ ವರ್ಷವೂ ಬರೆಯುತ್ತಾರೆ. 30, 60, 90ನೇ ದಿನ ಹದಿನೈದು ನಿಮಿಷದ ತಪಾಸಣೆ.

ಇದೆಲ್ಲವನ್ನೂ ಒಂದೇ ಏಟಿಗೆ ಕೆಡಿಸುವ ದಾರಿ ಎಂದರೆ ಸಮೀಕ್ಷೆಯ ಅಂಕವನ್ನು ಮ್ಯಾನೇಜರನ ಬೋನಸ್ಸಿಗೆ ಗಂಟು ಹಾಕುವುದು. ಆ ಕ್ಷಣದಿಂದ ಅದು ಮಾಹಿತಿ ಅಲ್ಲ, ಮತಯಾಚನೆ. ಸಮೀಕ್ಷೆಯ ವಾರ ಪಿಜ್ಜಾ ಬರುತ್ತದೆ, ರಜೆ ಸುಲಭವಾಗಿ ಸಿಗುತ್ತದೆ, ಅಂಕ ಏರುತ್ತದೆ.

ಮಾಟುಂಗದ ಉಡುಪಿ ಹೋಟೆಲಿನಂಥ ಇಪ್ಪತ್ತೈದು ಜನರ ಜಾಗಕ್ಕೆ ಪ್ರಶ್ನಾವಳಿಯೇ ಬೇಡ. ಅಲ್ಲಿನ ನಿತ್ಯದ ಜಗಳ ಅಡುಗೆಮನೆಗೂ ಸಪ್ಲೈಯರ್‌ಗೂ ನಡುವಿನದು. ಸಮಾಜಶಾಸ್ತ್ರಜ್ಞ ವಿಲಿಯಂ ಫೂಟ್ ವೈಟ್ 1940ರ ದಶಕದಲ್ಲಿ ಅಮೆರಿಕದ ರೆಸ್ಟೊರೆಂಟುಗಳನ್ನು ಅಧ್ಯಯನ ಮಾಡಿ ಕಂಡದ್ದೂ ಇದನ್ನೇ. ಸಂಬಳ-ಸ್ಥಾನಗಳಲ್ಲಿ ಕೆಳಗಿರುವವರು ಮೇಲಿರುವ ಅಡುಗೆಯವರಿಗೆ ಕೂಗಿ ಆರ್ಡರ್ ಕೊಡಬೇಕಾದಾಗ ಕಿಡಿ ಹಾರುತ್ತದೆ. ಆರ್ಡರನ್ನು ಚೀಟಿಯಲ್ಲಿ ಬರೆದು ಕಂಬಿಗೆ ಚುಚ್ಚಿಟ್ಟರೆ ಬಿಸಿ ಇಳಿಯುತ್ತದೆ, ಅಡುಗೆಯವರು ತಮ್ಮ ಅನುಕೂಲದ ಕ್ರಮದಲ್ಲಿ ತೆಗೆದುಕೊಳ್ಳುತ್ತಾರೆ. ಭಟ್ಟರ ಮುಂಗೋಪ, ಹುಡುಗನ ಉದ್ಧಟತನ ಎಂದು ಗಲ್ಲಾದಲ್ಲಿ ಕೂತವರು ಪಂಚಾಯಿತಿ ಮಾಡುವ ಮೊದಲು ಆರ್ಡರ್ ಹೋಗುವ ದಾರಿಯನ್ನು ನೋಡಬೇಕು.

ದೊಡ್ಡ ಕಾರ್ಖಾನೆಗಳಲ್ಲಿ ಎರಡು ಗಂಟು ಉಳಿಯುತ್ತವೆ. ಒಂದು, ಯೂನಿಯನ್. ಮಹಾರಾಷ್ಟ್ರದಲ್ಲಿ ಯೂನಿಯನ್‌ಗಳ ಮಾನ್ಯತೆಗೆ ಸಂಬಂಧಿಸಿದ 1971ರ ಕಾಯ್ದೆಯಡಿ ಬೆಳೆದ ರೂಢಿಯಂತೆ ಮಾನ್ಯತೆ ಪಡೆದ ಯೂನಿಯನ್ ಇರುವಲ್ಲಿ ಸಂಬಳ, ಕೆಲಸದ ಷರತ್ತುಗಳ ಮಾತುಕತೆ ಅದರೊಂದಿಗೇ ನಡೆಯಬೇಕು. ತಂಡದ ಸಭೆ ಓವರ್‌ಟೈಮ್ ದರದತ್ತ ಜಾರಿದರೆ ಯೂನಿಯನ್ನನ್ನು ಬದಿಗೊತ್ತಿದಂತಾಗುತ್ತದೆ. ಸಮೀಕ್ಷೆಗೆ ಮುಂಚೆಯೇ ಪದಾಧಿಕಾರಿಗಳಿಗೆ ಪ್ರಶ್ನೆಗಳನ್ನು ತೋರಿಸಿ, ಯಾವ ವಿಷಯ ಸಭೆಗೆ, ಯಾವುದು ಮಾತುಕತೆಯ ಮೇಜಿಗೆ ಎಂದು ಗೆರೆ ಎಳೆದುಕೊಳ್ಳಬೇಕು. ಎರಡು, ಗುತ್ತಿಗೆ ಕಾರ್ಮಿಕರು. ಒಂದೇ ಲೈನಿನಲ್ಲಿ ಭುಜಕ್ಕೆ ಭುಜ ಕೊಟ್ಟು ದುಡಿಯುವವರಲ್ಲಿ ಅವರನ್ನು ಬಿಟ್ಟರೆ ತಂಡದ ಚಿತ್ರ ಅರ್ಧವೇ. ಆದರೆ ಅವರನ್ನು ಕಂಪನಿಯ ಅಧಿಕಾರಿ ನೇರವಾಗಿ ನಿರ್ದೇಶಿಸಿದರೆ ಗುತ್ತಿಗೆ ಬರೀ ತೋರಿಕೆಯದು ಎಂದು ನಾಳೆ ನ್ಯಾಯಾಲಯದಲ್ಲಿ ವಾದ ಬರಬಹುದೆಂಬ ಭಯದಿಂದ ಕಾನೂನು ವಿಭಾಗ ಬೇಡ ಎನ್ನುತ್ತದೆ. ಈಗ ಕೆಲವರು ಹಿಡಿಯುವ ನಡುದಾರಿ: ಗುತ್ತಿಗೆದಾರನೇ ತನ್ನವರ ಸಭೆ ಕರೆಯುವುದು, ಸುರಕ್ಷತೆ ಮತ್ತು ಕೆಲಸದ ಹರಿವಿನ ವಿಷಯಗಳನ್ನಷ್ಟೇ ಜಂಟಿ ಸಭೆಗೆ ತರುವುದು. ಸುರಕ್ಷತೆಯ ಮಾತಿಗೆ ಯಾವ ವಕೀಲನೂ ಅಡ್ಡ ಬರುವುದಿಲ್ಲ, ಲೈನಿನ ನಿಜವಾದ ತೊಂದರೆಗಳಲ್ಲಿ ಅರ್ಧಕ್ಕರ್ಧ ಆ ಬಾಗಿಲಿನಿಂದಲೇ ಒಳಗೆ ಬರುತ್ತವೆ.